ಅಕ್ಕಿಕಾಳಿನಷ್ಟು ಸರಿಯುವ ಕಲ್ಲು

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ನಾವಿಲ್ಲಿ ಚೆನ್ನಾಗಿದ್ದೇವೆ. ಮಳೆ ನಿಂತ ಮೇಲೆ ಅಪ್ಪನ ಮೊಣಕಾಲು ನೋವು ಸ್ವಲ್ಪ ಕಡಿಮೆಯಾಗಿದೆ. ಹಸು ಕರು ಹಾಕಿದೆ, ಹೆಣ್ಣುಗರು. ಹೊಲದಲ್ಲಿ ರಾಗಿ ತೆನೆ ಬಾಗಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಕಾಗದ ಬರೆಯಲು ಕೂತಿದ್ದು ಬೇರೆ ಕಾರಣಕ್ಕೆ.

ಭಾನುವಾರ ರಾತ್ರಿ ನೀನು ಒಂದು ಮಾತು ಕೇಳಿದೆ. "ಅಮ್ಮ, ದೇವರು ಇದ್ದಾನಾ? ಇದ್ದರೆ ಯಾರ ಕಡೆ ಇದ್ದಾನೆ?" ನಾನು "ಲೇಟಾಯ್ತು, ಮಲಗು ಕಂದ, ನಾಳೆ ಮಾತಾಡೋಣ" ಅಂದುಬಿಟ್ಟೆ. ನಿನಗೆ ಬೇಜಾರಾಯಿತು ಅಂತ ಗೊತ್ತಾಯಿತು. ಆಮೇಲೆ ನನಗೂ ನಿದ್ದೆ ಬರಲಿಲ್ಲ. ನನ್ನ ಹತ್ತಿರ ಹೇಳಲು ಏನೂ ಇಲ್ಲ ಅಂದುಕೊಳ್ಳಬೇಡ. ಇದೆ. ಆದರೆ ಅದು ನಿಧಾನವಾಗಿ ಹೇಳಬೇಕಾದ್ದು.

ಮೊದಲು ನಿನ್ನ ವಿಷಯ. ನಿನ್ನ ಆಫೀಸಿಗೆ ಬಂದ ಪೆಟ್ಟಿಗೆ 90. ಅಲ್ಲಿನವರು 120 ಅಂತ ಬರೆದು ಸಹಿ ಹಾಕು ಅಂದರು. ನೀನು ಎರಡು ಸಲ ಎಣಿಸಿ 90 ಅಂತಲೇ ಬರೆದೆ. ನಿನ್ನನ್ನು ಆ ಕೆಲಸದಿಂದ ತೆಗೆದು ಮೂಲೆಯ ಮೇಜಿಗೆ ಹಾಕಿದರು. ಸಹಿ ಹಾಕಿದವನಿಗೆ ಬಡ್ತಿ ಬಂತು, ಕಾರು ಬಂತು. ಅವನು ಪೇಡ ಹಂಚುತ್ತಾ ನಿನ್ನ ಮೇಜಿನ ಹತ್ತಿರವೂ ಬಂದ. ನೀನು ಒಂದು ಪೇಡ ತೆಗೆದುಕೊಂಡು, ತಿನ್ನಲಾಗದೆ ಡ್ರಾಯರಿನಲ್ಲಿ ಇಟ್ಟೆ. ಅದನ್ನು ಹೇಳುವಾಗ ನಿನ್ನ ದನಿ ನಡುಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ನೀನು ಮಾಡಿದ್ದು ಸರಿ ಪುಟ್ಟಿ. ನೂರಕ್ಕೆ ನೂರು ಸರಿ. ಆದರೆ "ತಾಳು, ಅವನಿಗೆ ದೇವರು ತೋರಿಸುತ್ತಾನೆ" ಅಂತ ನಾನು ಹೇಳುವುದಿಲ್ಲ. ಆ ಮಾತನ್ನು ಒಂದು ಕಾಲದಲ್ಲಿ ನನಗೂ ಬಂದವರೆಲ್ಲ ಹೇಳಿದ್ದರು. ಅದರಿಂದ ನನ್ನ ಹೊಟ್ಟೆಯ ಉರಿ ಜಾಸ್ತಿಯಾಯಿತೇ ಹೊರತು ತಣ್ಣಗಾಗಲಿಲ್ಲ.

ನೀನು ಕೇಳಿದ ಪ್ರಶ್ನೆ ಪಾಪದ್ದು ಅಂತಲೂ ಅಂದುಕೊಳ್ಳಬೇಡ. ನಿನ್ನ ತಾತ, ನಮ್ಮಪ್ಪ, ಊರ ಹಬ್ಬದ ಕುರುಕ್ಷೇತ್ರ ನಾಟಕದಲ್ಲಿ ಧರ್ಮರಾಯನ ಪಾರ್ಟು ಮಾಡುತ್ತಿದ್ದರು. ಪಾರ್ಟಿಗೆ ದುಡ್ಡು ಕಟ್ಟಬೇಕು, ನಿನಗೆ ಗೊತ್ತಲ್ವಾ. ದುರ್ಯೋಧನನ ಪಾರ್ಟಿಗೆ ಜಾಸ್ತಿ ದುಡ್ಡು. ಅವನ ಕಿರೀಟ ದೊಡ್ಡದು, ಹಾಡು ಜಾಸ್ತಿ, ಶಿಳ್ಳೆಯೂ ಅವನಿಗೇ. ಧರ್ಮರಾಯ ಬಂದ ತಕ್ಷಣ ಗಂಡಸರು ಬೀಡಿ ಸೇದಲು ಎದ್ದು ಹೋಗುತ್ತಿದ್ದರು. ನನಗೆ ಅಳು ಬರುತ್ತಿತ್ತು. "ಅಪ್ಪಾ, ಮುಂದಿನ ವರ್ಷ ನೀವೂ ದುರ್ಯೋಧನ ಮಾಡಿ" ಅಂತ ಹಟ ಹಿಡಿದೆ. ಆಗ ಅವರು ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ನಾಟಕದಲ್ಲಿ ಬಾರದ ಒಂದು ಕಥೆ ಹೇಳಿದರು.

ಪಾಂಡವರು ಕಾಡಿನಲ್ಲಿದ್ದಾಗ ದ್ರೌಪದಿ ಒಂದು ದಿನ ಧರ್ಮರಾಯನನ್ನು ನಿಲ್ಲಿಸಿ ಕೇಳುತ್ತಾಳೆ. ನೀವು ಯಾಗ ಮಾಡಿದಿರಿ, ದಾನ ಕೊಟ್ಟಿರಿ. ಧರ್ಮ ಬಿಡಲಿಲ್ಲ. ನಾವು ಇಲ್ಲಿ ನೆಲದ ಮೇಲೆ ಮಲಗಿದ್ದೇವೆ. ಮೋಸ ಮಾಡಿದವನು ಅರಮನೆಯಲ್ಲಿದ್ದಾನೆ. ಇದನ್ನು ನೋಡಿಯೂ ಸುಮ್ಮನಿರುವ ಆ ವಿಧಾತನನ್ನು ಏನನ್ನಬೇಕು? ಧರ್ಮರಾಯ ಹೇಳುತ್ತಾನೆ: ಫಲ ಸಿಗಲಿ ಅಂತ ನಾನು ಧರ್ಮ ಮಾಡುವುದಿಲ್ಲ. ಕೊಡಬೇಕು, ಕೊಡುತ್ತೇನೆ. ಧರ್ಮದಿಂದ ಹಾಲು ಕರೆಯಲು ಹೋಗುವವನು ವ್ಯಾಪಾರಿ. ಹಾಗೆ ಹೇಳಿ, ದೇವರನ್ನು ಹಾಗೆಲ್ಲ ಬೈಯಬೇಡ ಅಂತ ಅವಳನ್ನು ಗದರಿಸುತ್ತಾನೆ ಕೂಡ.

ನನಗೆ ಆಗ ಹಿಡಿಸಿದ್ದು ಧರ್ಮರಾಯನ ಉತ್ತರ ಅಲ್ಲ, ದ್ರೌಪದಿಯ ಧೈರ್ಯ. ಕೇಳಿದ್ದಕ್ಕೆ ದೇವರು ಅವಳ ಕೈ ಬಿಟ್ಟನಾ? ದೂರ್ವಾಸರು ಶಿಷ್ಯರ ದಂಡು ಕಟ್ಟಿಕೊಂಡು ಊಟಕ್ಕೆ ಬಂದಾಗ, ಪಾತ್ರೆಗೆ ಅಂಟಿದ ಒಂದು ಚೂರು ಸೊಪ್ಪು ತಿಂದು ಅವಳ ಮಾನ ಉಳಿಸಿದ್ದು ಕೃಷ್ಣನೇ. ಅದಕ್ಕೇ ಹೇಳುತ್ತೇನೆ, ಕೇಳು. ಎಷ್ಟು ಬೇಕಾದರೂ ಕೇಳು.

ಧರ್ಮರಾಯನ ಉತ್ತರ ನನಗೆ ತಲೆಗೆ ಹೋಗಿದ್ದು ತುಂಬಾ ವರ್ಷದ ಮೇಲೆ. ನೀನಾಗ ಆರನೇ ಕ್ಲಾಸು. ಆ ವರ್ಷ ನಿನಗೆ ಹೊಸ ಯೂನಿಫಾರಂ ಹೊಲಿಸಲಿಲ್ಲ, ಹಳೇದರ ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟೆ. ಯಾಕೆ ಅಂತ ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ಪ್ರತಿ ವರ್ಷದ ಹಾಗೆ ಮೇ ತಿಂಗಳಲ್ಲಿ ಅಪ್ಪ ಹಾಸನಕ್ಕೆ ಹೋಗಿ ಬಿತ್ತನೆ ಆಲೂಗಡ್ಡೆ ತಂದರು. ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುತ್ತಲ್ಲ, ಕುಫ್ರಿ ಜ್ಯೋತಿ ತಳಿ, 50 ಕೆಜಿ ಮೂಟೆ. ಎಕರೆಗೆ 12 ಮೂಟೆ ಲೆಕ್ಕದಲ್ಲಿ ಎರಡು ಎಕರೆಗೆ 24 ಮೂಟೆ. ಸೊಸೈಟಿ ಸಾಲ ಸಾಲದೆ ನನ್ನ ಓಲೆ, ಎರಡು ಬಳೆ ಬ್ಯಾಂಕಿನಲ್ಲಿ ಅಡ ಇಟ್ಟಿದ್ದೆವು. ಮಂಡಿಯ ಆಚೆ ಒಬ್ಬ ವ್ಯಾಪಾರಿ ಮೂಟೆಗೆ ನೂರು ರೂಪಾಯಿ ಕಡಿಮೆಗೆ ಕೊಟ್ಟ. ಗುರುತಿನವನೇ. ಬಿಲ್ಲು ಕೇಳಿದ್ದಕ್ಕೆ "ನಮ್ಮ ನಿಮ್ಮಲ್ಲಿ ಬಿಲ್ಲು ಯಾಕೆ ಗೌಡ್ರೇ" ಅಂದನಂತೆ. ಅಪ್ಪ ಬಿಲ್ಲಿಲ್ಲದೆ ಬಂದರು.

ಮೂಟೆ ಬಿಚ್ಚಿ ಗಡ್ಡೆ ಕೊಯ್ಯಲು ಕೂತಾಗಲೇ ನನಗೆ ಅನುಮಾನ ಬಂತು. ಒಂದೊಂದು ಹೋಳಿನಲ್ಲೂ ಮೊಳಕೆ ಬರುವ ಎರಡು ಕಣ್ಣಾದರೂ ಇರಬೇಕು. ಎಷ್ಟೋ ಗಡ್ಡೆಯಲ್ಲಿ ಕಣ್ಣು ಸತ್ತುಹೋಗಿತ್ತು. ಮೂಟೆಯ ಬಾಯಿಗೆ ಎರಡು ಬಣ್ಣದ ದಾರದ ಹೊಲಿಗೆ ಇತ್ತು. ಒಂದು ಸಲ ಬಿಚ್ಚಿ ಮತ್ತೆ ಹೊಲಿದ ಮೂಟೆ. ಬಿತ್ತನೆಯ ಚೀಲದಲ್ಲಿ ತಿನ್ನುವ ಗಡ್ಡೆ ತುಂಬಿದ್ದ. ಹೇಳಿದರೆ ಅಪ್ಪ, "ಮಳೆ ಬಂದುಬಿಟ್ಟಿದೆ, ಈಗ ಎಲ್ಲಿಗೆ ಹೋಗೋದು" ಅಂದರು. ಬಿತ್ತಿದೆವು. ಅರ್ಧಕ್ಕರ್ಧ ಹುಟ್ಟಲೇ ಇಲ್ಲ. ಹುಟ್ಟಿದ್ದಕ್ಕೆ ಜುಲೈನ ಜಡಿಮಳೆ, ಥಂಡಿಯಲ್ಲಿ ಅಂಗಮಾರಿ ರೋಗ ಬಿತ್ತು. ಸೋಮವಾರ ಎಲೆಯ ಮೇಲೆ ಕಂದು ಚುಕ್ಕೆ ಕಂಡೆ. ಶನಿವಾರಕ್ಕೆ ಹೊಲ ಬೆಂದ ಹಾಗಿತ್ತು. ಗುಣಿಯಲ್ಲಿ ಕೈ ಹಾಕಿದರೆ ಗಡ್ಡೆ ಬೆರಳ ಸಂದಿಯಲ್ಲಿ ಹರಿದುಹೋಗುತ್ತಿತ್ತು. ಆ ವಾಸನೆ ಕೈಯಿಂದ ಹೋಗಲು ಎಷ್ಟು ದಿನ ಬೇಕಾಯಿತೋ. ಅಂಗಮಾರಿ ಅವನು ತಂದದ್ದಲ್ಲ, ಅದು ಮಳೆಯದು, ನನಗೆ ಗೊತ್ತು. ಆದರೆ ಹುಟ್ಟದೇ ಇದ್ದ ಅರ್ಧ ಹೊಲ ಅವನದ್ದೇ ಕೆಲಸ.

ಅಪ್ಪ ಹೋಗಿ ಕೇಳಿದರು. "ನನ್ನ ಹತ್ತಿರ ತಂದಿದ್ದಕ್ಕೆ ಸಾಕ್ಷಿ ಏನು?" ಅಂದ. ಬಿಲ್ಲೇ ಇಲ್ಲವಲ್ಲ. ಅದೇ ವರ್ಷ ಅವನು ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಿದ. ಗೃಹಪ್ರವೇಶಕ್ಕೆ ನಮಗೂ ಕಾರ್ಡು ಕಳಿಸಿದ್ದ ಪುಟ್ಟಿ. ನಿನ್ನ ಪೇಡದ ಕಥೆ ಕೇಳಿದಾಗ ನನಗೆ ಆ ಕಾರ್ಡೇ ಕಣ್ಣ ಮುಂದೆ ಬಂತು.

ಆಶ್ವಯುಜದಲ್ಲಿ ಹಾಸನಾಂಬೆ ಬಾಗಿಲು ತೆರೆದಾಗ ನಾನೊಬ್ಬಳೇ ಹೋದೆ. ಹೊಲದ ಮಣ್ಣು ಒಂದು ಹಿಡಿ ಸೆರಗಿನ ತುದಿಗೆ ಕಟ್ಟಿಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ, ಅಪ್ಪನಿಗೂ. ಐದು ಗಂಟೆ ಸಾಲಿನಲ್ಲಿ ನಿಂತಿದ್ದೆ. ಹರಕೆ ಹೊತ್ತವರು, ಮದುವೆಯಾಗಲಿ ಅನ್ನುವವರು, ಮಗು ಆಗಲಿ ಅನ್ನುವವರು. ಅವರ ಮಧ್ಯೆ ನಾನು ಒಬ್ಬನ ಮನೆ ಬೀಳಲಿ ಅಂತ ಕೇಳಲು ಹೋಗಿದ್ದೆ. ಆ ಗುಡಿಯ ಆವರಣದಲ್ಲಿ ಕಳ್ಳರ ಕಲ್ಲು ಇದೆಯಲ್ಲ, ದೇವಿಯ ಒಡವೆ ಕದಿಯಲು ಬಂದ ನಾಲ್ವರು ಅಲ್ಲೇ ಕಲ್ಲಾದರು ಅನ್ನುತ್ತಾರೆ. ಅಲ್ಲಿ ನಿಂತು, ಮಣ್ಣು ಬಿಚ್ಚಿ, "ಅಮ್ಮಾ, ಇವನನ್ನೂ ಹೀಗೇ ಮಾಡು" ಅಂದೆ. ಒಳಗೆ ಹೋಗಿ, ದೇವಿ ಅಂತ ಪೂಜಿಸುವ ಮೂರು ಹುತ್ತದ ಮುಂದೆಯೂ ಅದನ್ನೇ ಅಂದೆ. ಒಂದು ಅಕ್ಷರ ಬಿಡದೆ ಅಂದೆ.

ಏನೂ ಆಗಲಿಲ್ಲ. ಅವನಿಗೆ ಏನೂ ಆಗಲಿಲ್ಲ. ನನಗೆ ಆಯಿತು. ಪ್ರತಿ ಸಲ ಹಾಸನಕ್ಕೆ ಹೋದಾಗ ಅವನ ಮನೆ ಮುಂದಿನ ರಸ್ತೆಯಲ್ಲೇ ಹೋಗುತ್ತಿದ್ದೆ, ಗೋಡೆ ಬಿರುಕು ಬಿಟ್ಟಿದೆಯಾ ನೋಡಲು. ಅವನ ಹೆಂಡತಿ ಸಪ್ಪಗಿದ್ದರೆ ನನಗೆ ಖುಷಿ. ಅವನ ಮಗ ಪಾಸಾದ ಅಂತ ಕೇಳಿದ ದಿನ ನನಗೆ ಅನ್ನ ಸೇರಲಿಲ್ಲ. ನನ್ನ ಮಗಳು ಆ ವರ್ಷ ಯಾವ ಪಾಠ ಓದಿದಳು, ಯಾವ ಹಲ್ಲು ಬಿತ್ತು, ಒಂದೂ ನನಗೆ ನೆನಪಿಲ್ಲ. ಈ ಮಾತು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ಅಪ್ಪ ಏನು ಮಾಡಿದರು ಗೊತ್ತಾ? ಕೊಳೆತ ಹೊಲ ಉತ್ತು ಆಗಸ್ಟ್‌ನಲ್ಲಿ ರಾಗಿ ನೆಡಲು ಪೈರು ಬೆಳೆಸಿದ್ದರು. ಪಕ್ಕದ ಹೊಲದ ಅಕ್ಕನಿಗೂ ಅದೇ ವ್ಯಾಪಾರಿಯ ಬೀಜ ಕೈ ಕೊಟ್ಟಿತ್ತು. ಗಂಡ ಇಲ್ಲದ ಹೆಂಗಸು, ಕೈಯಲ್ಲಿ ಕಾಸಿಲ್ಲ. ಅಪ್ಪ ಪೈರಿನಲ್ಲಿ ಅರ್ಧ ಅವಳಿಗೆ ಕೊಟ್ಟುಬಿಟ್ಟರು. ನಾನು ಜಗಳ ಆಡಿದೆ. "ನಮಗೇ ಗತಿ ಇಲ್ಲ, ದಾನಶೂರ ಕರ್ಣ ಇವರು" ಅಂತ ಬಾಯಿಗೆ ಬಂದಿದ್ದು ಅಂದೆ. ಅವರು "ಪೈರು ಬಲಿತರೆ ಯಾರಿಗೂ ಆಗಲ್ಲ ಕಣೇ" ಅಂದು ಗುದ್ದಲಿ ಹೆಗಲಿಗಿಟ್ಟುಕೊಂಡು ಹೋದರು. ಅಷ್ಟೇ. ದೇವರ ಹೆಸರೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ದೇವರನ್ನು ನಂಬಿದವರು ನಾನಲ್ಲ ಅವರು ಅಂತ ನನಗೆ ಅರ್ಥವಾಗಲು ಇನ್ನೂ ಕೆಲವು ತಿಂಗಳು ಬೇಕಾಯಿತು.

ಮಾಘದಲ್ಲಿ ನಿನ್ನ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಹಾಸನದ ದೊಡ್ಡಾಸ್ಪತ್ರೆಯಲ್ಲಿ 19 ದಿನ. ರಾತ್ರಿ ಮಂಚದ ಪಕ್ಕ ಚಾಪೆ ಹಾಕಿಕೊಂಡು ನಾನೇ ಇರುತ್ತಿದ್ದೆ. ರೋಗಿಗೆ ಆಸ್ಪತ್ರೆಯಿಂದ ಊಟ ಬರುತ್ತದೆ. ಜೊತೆಗೆ ಇರುವವರು ತಮ್ಮ ಊಟ ತಾವೇ ನೋಡಿಕೊಳ್ಳಬೇಕಲ್ಲ. ಮೂರನೇ ರಾತ್ರಿಯೋ ನಾಲ್ಕನೆಯದೋ, ಬೆಳಗಿನ ಜಾವ ನನಗೆ ತಲೆ ತಿರುಗಿ ಗೋಡೆ ಹಿಡಿದುಕೊಂಡು ಕೂತೆ. ಎದುರು ಮಂಚದವನ ಹೆಂಡತಿ, ಅರಕಲಗೂಡು ಕಡೆಯವಳು, ಎದ್ದು ಬಂದಳು. ಅವಳ ಗಂಡನಿಗೆ ಎರಡು ಕಾಲೂ ಕಟ್ಟು ಹಾಕಿತ್ತು. ಅವಳ ಫ್ಲಾಸ್ಕಿನಲ್ಲಿ ಅವನಿಗೆ ಅಂತ ಇಟ್ಟ ಗಂಜಿ ಇತ್ತು. ಅದನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಇನ್ನೊಂದು ಲೋಟ ತಂದು, ಎತ್ತರದಿಂದ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಸುರಿದು ಆರಿಸಿದಳು. ಒಂದು ಹನಿ ಚೆಲ್ಲಲಿಲ್ಲ. ತುಟಿಗೆ ಮುಟ್ಟಿಸಿ ಬಿಸಿ ನೋಡಲು ಹೋಗಿ, ಎಂಜಲಾಗುತ್ತದೆ ಅಂತ ತಡೆದು, ಕಿರುಬೆರಳಿನ ಹಿಂಭಾಗಕ್ಕೆ ಲೋಟ ತಾಗಿಸಿ ನೋಡಿದಳು. "ಕುಡೀರಿ ಅಕ್ಕ, ನುಚ್ಚು ಜಾಸ್ತಿ ಇದೆ, ಶಕ್ತಿ ಬರುತ್ತೆ" ಅಂದಳು.

ನಾನು ಕುಡಿದೆ. ಕುಡಿಯುತ್ತಾ ಅತ್ತೆ. ಆ ದಿನ ಇಡೀ ಆ ವ್ಯಾಪಾರಿ ನನ್ನ ನೆನಪಿಗೆ ಬರಲಿಲ್ಲ. ರಾತ್ರಿ ಮಲಗುವಾಗ ಅದು ಗೊತ್ತಾಯಿತು. ಒಂಬತ್ತು ತಿಂಗಳಲ್ಲಿ ಮೊದಲ ದಿನ.

ಅಜ್ಜಿ ಮಂಚದ ಮೇಲೆ ಮಲಗಿಕೊಂಡೇ ನನಗೆ ಸೊಸೆ ಕಲ್ಲಿನ ಕಥೆ ಮತ್ತೆ ಹೇಳಿದ್ದೂ ಆಗಲೇ. ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ನಾನು ಅವರಿಂದ ಕೇಳಿದ್ದು ಹೀಗೆ. ಸೊಸೆ ದಿನಾ ಕದ್ದು ಹಾಸನಾಂಬೆ ಗುಡಿಗೆ ಹೋಗುತ್ತಿದ್ದಳು. ಅತ್ತೆ ಹಿಂದೆಯೇ ಬಂದು, ದೇವಿಯ ಮುಂದೆ ಕಣ್ಣು ಮುಚ್ಚಿ ಕೂತ ಸೊಸೆಯ ತಲೆಗೆ ಹೊಡೆದಳು. ಅವಳು "ಅಮ್ಮಾ" ಅಂತ ಕೂಗಿದಳು. ದೇವಿ ಅವಳನ್ನು ಕಲ್ಲು ಮಾಡಿ ತನ್ನ ಎದುರಿಗೇ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ. ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ.

"ಅತ್ತೆ ಏನಾದಳು?" ಅಂತ ಕೇಳಿದೆ. ಅಜ್ಜಿ ಸ್ವಲ್ಪ ಯೋಚನೆ ಮಾಡಿ, "ಅವಳ ಸುದ್ದಿ ಕಥೆಯಲ್ಲಿ ಬರಲ್ಲ ಕಣಮ್ಮ" ಅಂದರು.

ಆ ರಾತ್ರಿ ಚಾಪೆಯ ಮೇಲೆ ಬಿದ್ದುಕೊಂಡು ಅದನ್ನೇ ಯೋಚಿಸಿದೆ. ಕಳ್ಳರೂ ಕಲ್ಲಾದರು, ಸೊಸೆಯೂ ಕಲ್ಲಾದಳು. ಸರಿಯುತ್ತಿರುವುದು ಸೊಸೆ ಕಲ್ಲು ಮಾತ್ರ. ನಾನು ಐದು ಗಂಟೆ ಸಾಲಿನಲ್ಲಿ ನಿಂತು ಹೋಗಿ ಕಳ್ಳರ ಕಲ್ಲಿನ ಮುಂದೆ ಬೇಡಿಕೊಂಡು ಬಂದಿದ್ದೆ. ಅಷ್ಟು ತಿಂಗಳು ಅದರ ಪಕ್ಕದಲ್ಲೇ ನಾನೂ ಒಂದು ಕಲ್ಲಾಗಿ ನಿಂತಿದ್ದೆ.

ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಇರುವವರಿಗೆ ನಾನು ಒಯ್ಯುವ ಗುರುವಾರದ ಗಂಜಿ ಹೀಗೆ ಶುರುವಾಯಿತು. ಆಶ್ವಯುಜದ ಹುಣ್ಣಿಮೆ ಕಳೆದ ಮೇಲೆ ಬರುವ ಗುರುವಾರ ದೇವಿಯ ಬಾಗಿಲು ತೆರೆಯುತ್ತಾರೆ, ಅದಕ್ಕೇ ಆ ವಾರ ಆರಿಸಿಕೊಂಡೆ. ಮೊದಲ ವಾರ ಒಂದು ಹಾಲಿನ ಕ್ಯಾನು ಬಸ್ಸಿನಲ್ಲಿ ಕಾಲ ಮಧ್ಯೆ ಇಟ್ಟುಕೊಂಡು ಹೋದೆ. ಈಗ 4 ಕೆಜಿ ನುಚ್ಚಕ್ಕಿ, 1 ಕೆಜಿ ಹೆಸರುಬೇಳೆ, ಜೀರಿಗೆ, ಮೆಣಸು, ಹತ್ತಿರ ಹತ್ತಿರ 40 ಲೀಟರ್ ಆಗುತ್ತದೆ. ಪಕ್ಕದ ಹೊಲದ ಅಕ್ಕ ಪ್ರತಿ ವಾರ ಬರುತ್ತಾಳೆ. ಉಪ್ಪಿನಕಾಯಿ ಅವಳದ್ದೇ. ಅಪ್ಪ ಕೊಟ್ಟ ಪೈರಿನ ಮಾತು ಅವಳು ಇವತ್ತಿಗೂ ಎತ್ತುತ್ತಾಳೆ, ನನಗೆ ನಾಚಿಕೆಯಾಗುತ್ತದೆ. ಮೊನ್ನೆ ಒಬ್ಬ ಮುದುಕರು ಲೋಟ ಇಲ್ಲದೆ ಟಿಫನ್ ಡಬ್ಬಿಯ ಮುಚ್ಚಳ ಒಡ್ಡಿದರು. ಮುಚ್ಚಳದಲ್ಲಿ ಎಷ್ಟು ಹಿಡಿಯುತ್ತದೆ? ಐದು ಸಲ ಹಾಕಿಸಿಕೊಂಡರು, ಐದು ಸಲವೂ "ತಾಯಿ, ಸಾಕು" ಅಂದರು.

ಆ ವ್ಯಾಪಾರಿ ಚೆನ್ನಾಗಿಯೇ ಇದ್ದಾನೆ. ಮಗ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತೇನೆ. ಕೊಳೆತ ಆಲೂಗಡ್ಡೆ ವಾಸನೆ ಎಲ್ಲಾದರೂ ಬಡಿದರೆ ಈಗಲೂ ಹೊಟ್ಟೆಯಲ್ಲಿ ಏನೋ ಕಲಕುತ್ತದೆ. ಪೂರ್ತಿ ಹೋಗಿದೆ ಅಂತ ನಿನ್ನ ಹತ್ತಿರ ಸುಳ್ಳು ಹೇಳಲಾರೆ. ಆದರೆ ಅವನ ಗೋಡೆ ನೋಡಲು ಆ ರಸ್ತೆಯಲ್ಲಿ ಹೋಗುವುದು ಬಿಟ್ಟು ಎಷ್ಟೋ ವರ್ಷವಾಯಿತು. ಅವನ ಲೆಕ್ಕ ನೋಡಿಕೊಳ್ಳಲು ದೇವರಿದ್ದಾನೆ. ಅದು ನನ್ನ ಕೆಲಸ ಅಲ್ಲ ಅಂತ ಒಪ್ಪಿಕೊಂಡ ದಿನವೇ ನಾನು ದೇವರನ್ನು ನಂಬಲು ಶುರು ಮಾಡಿದ್ದು. ಅದಕ್ಕೆ ಮುಂಚೆ ನಾನು ದೇವರಿಗೆ ಬರೀ ಕೆಲಸ ಹೇಳುತ್ತಿದ್ದೆ.

ಇಷ್ಟು ಹೇಳಿದೆ ಅಂತ ಸುಮ್ನೆ ಬಾಯಿ ಮುಚ್ಚಿಕೊಂಡು ಇರು ಅಂತ ಅರ್ಥ ಮಾಡಿಕೊಳ್ಳಬೇಡ. ನೀನು 90 ಅಂತ ಬರೆದ ಕಾಗದದ ನಕಲು ನಿನ್ನ ಹತ್ತಿರ ಇಟ್ಟುಕೋ. ತಾರೀಖು ಸಮೇತ ನಡೆದದ್ದನ್ನೆಲ್ಲ ಬರೆದಿಡು. ಮೇಲಿನವರಿಗೆ ಬರವಣಿಗೆಯಲ್ಲೇ ಕೊಡು, ಬಾಯಿಮಾತಿನಲ್ಲಿ ಬೇಡ. ಕಳಪೆ ಬೀಜದಿಂದ ನಷ್ಟವಾದ ರೈತ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು ಅಂತ 2012ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮ ಹತ್ತಿರ ಒಂದು ಬಿಲ್ಲು ಇದ್ದಿದ್ದರೆ! ಈಗ ಅಪ್ಪ ಐವತ್ತು ರೂಪಾಯಿ ಔಷಧಿಗೂ ಬಿಲ್ಲು ತರುತ್ತಾರೆ. ಕೇಳಬೇಕಾದಲ್ಲಿ ಕೇಳು, ದೂರು ಕೊಡಬೇಕಾದಲ್ಲಿ ಕೊಡು. ಕೊಟ್ಟ ಮೇಲೆ ಮನೆಗೆ ಬಂದು ಅನ್ನ ಉಂಡು ಮಲಗು. ಅವನ ಕಾರು ಯಾವ ಬಣ್ಣ ಅಂತ ನಿನಗೆ ಯಾಕೆ ಪುಟ್ಟಿ?

ಇನ್ನೊಂದು. ನಿನ್ನ ರೂಮಿನ ಎದುರು ಕಟ್ಟಡ ಏಳುತ್ತಿದೆ, ಅಲ್ಲಿ ಕೆಲಸದವರ ಮಕ್ಕಳು ಮರಳ ರಾಶಿಯ ಮೇಲೆ ಆಡುತ್ತಿರುತ್ತಾರೆ ಅಂದಿದ್ದೆ. ಯಾದಗಿರಿ ಕಡೆಯವರು, ಕನ್ನಡ ಚೆನ್ನಾಗಿ ಮಾತಾಡುತ್ತವೆ ಅಂದೆ. ಭಾನುವಾರ ಒಂದು ಗಂಟೆ ಅವುಗಳ ಜೊತೆ ಕೂತುಕೋ. ಅ ಆ ಇ ಈ ತಿದ್ದಿಸು. ಮಗ್ಗಿ ಹೇಳಿಕೊಡು. ಎಣಿಸುವುದನ್ನು ನಿನಗಿಂತ ಚೆನ್ನಾಗಿ ಯಾರು ಹೇಳಿಕೊಡುತ್ತಾರೆ? ತೊಂಬತ್ತನ್ನು ತೊಂಬತ್ತು ಅಂತ ಎಣಿಸಿದವಳು ನೀನು. ನಿನ್ನ ಬಡ್ತಿಗೂ ಇದಕ್ಕೂ ಸಂಬಂಧ ಇಲ್ಲ. ಇದರಿಂದ ಪುಣ್ಯ ಬರುತ್ತದೆ ಅಂತಲೂ ಹೇಳುತ್ತಿಲ್ಲ. ಆ ಮಕ್ಕಳಿಗೆ ಬೇಕು, ನಿನ್ನ ಹತ್ತಿರ ಇದೆ.

ಮೊನ್ನೆ ದೀಪಾವಳಿ ಮುಗಿದ ಮೇಲೆ ಹಾಸನಾಂಬೆ ಬಾಗಿಲು ಹಾಕಿದರು. ಕೊನೆಯ ದಿನ ನಾನೂ ಅಕ್ಕನೂ ಹೋಗಿದ್ದೆವು. ಈಗಂತೂ ಜನವೋ ಜನ. ದುಡ್ಡಿನ ಸಾಲು ಬೇರೆ, ನಾವು ಧರ್ಮದರ್ಶನದ ಸಾಲಿನಲ್ಲೇ ನಿಂತೆವು. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆರೆಯುವಾಗಲೂ ಉರಿಯುತ್ತಿರುತ್ತದೆ ಅನ್ನುವುದು ನಮ್ಮ ಜನರ ನಂಬಿಕೆ. ವರ್ಷದಲ್ಲಿ ನಾವು ಅದನ್ನು ನೋಡುವುದು ಬೆರಳೆಣಿಕೆಯ ದಿನ. ಮಿಕ್ಕ ದಿನವೆಲ್ಲ ಮುಚ್ಚಿದ ಬಾಗಿಲಿಗೇ ಕೈ ಮುಗಿದು ಕೆಲಸಕ್ಕೆ ಹೋಗುತ್ತೇವೆ. ನೀನು "ದೇವರು ಇದ್ದಾನಾ" ಅಂದೆಯಲ್ಲ, ನನಗೆ ಗೊತ್ತಿರುವ ನಂಬಿಕೆ ಇಷ್ಟೇ ಪುಟ್ಟಿ. ಒಳಗೆ ದೀಪ ಇದೆ.

ನಾಳೆ ಗುರುವಾರ. ಬೇಳೆ ಆರಿಸಬೇಕು, ಕ್ಯಾನು ತೊಳೆಯಬೇಕು. ಅಪ್ಪ ಈಗಾಗಲೇ ಎರಡು ಸಲ "ಕಾಗದ ಮುಗೀತಾ" ಅಂತ ಕೇಳಿದರು. ಪಕ್ಕದೂರಿನ ಹುಡುಗ ಶನಿವಾರ ಬೆಂಗಳೂರಿಗೆ ಬರುತ್ತಾನೆ. ಅವನ ಕೈಯಲ್ಲಿ ಹುಚ್ಚೆಳ್ಳು ಚಟ್ನಿಪುಡಿ, ರಾಗಿಹಿಟ್ಟು ಕಳಿಸುತ್ತೇನೆ. ಆ ಪೇಡ ಇನ್ನೂ ಡ್ರಾಯರಿನಲ್ಲಿದ್ದರೆ ತೆಗೆದುಬಿಡು, ಇರುವೆ ಮುತ್ತುತ್ತವೆ.

ಇಂತಿ,
ನಿನ್ನ ಅಮ್ಮ